ಒಟ್ಟು ತೂಕ ಸರಿ ಇದ್ದರೂ ದಂಡ: ಟ್ರೇಲರ್‌ಗೆ ಲೋಡು ಹಾಕುವಾಗ ಆಕ್ಸಲ್ ತೂಕ ನೋಡಿಕೊಳ್ಳುವ ಕ್ರಮ

ಪಣಂಬೂರಿನ ಬಂದರಿನಿಂದಲೋ ಬೈಕಂಪಾಡಿಯ ಗೋದಾಮಿನಿಂದಲೋ ಹೊರಟ ಟ್ರೇಲರ್‌ನ ತೂಕದ ಚೀಟಿಯಲ್ಲಿ 42 ಟನ್ ಎಂದಿದೆ, ಆರ್‌ಸಿಯಲ್ಲಿ 45.5 ಟನ್‌ಗೆ ಅನುಮತಿ ಇದೆ ಎಂದಿಟ್ಟುಕೊಳ್ಳಿ. ಮೂರೂವರೆ ಟನ್ ಕಡಿಮೆಯೇ ಇದೆಯಲ್ಲ ಎಂಬ ಧೈರ್ಯದಲ್ಲಿ ಗಾಡಿ ಹೊರಡುತ್ತದೆ. ಅದೇ ಗಾಡಿಯನ್ನು ಒಂದೊಂದು ಆಕ್ಸಲ್ (ಎರಡೂ ಬದಿಯ ಚಕ್ರಗಳನ್ನು ಹೊತ್ತ ಅಡ್ಡ ಅಚ್ಚು) ಆಗಿ ತೂಗಿದರೆ ಹೌಸಿಂಗ್ ಮೇಲೆ, ಅಂದರೆ ಎಂಜಿನ್ ತಿರುಗಿಸುವ ಆಕ್ಸಲ್ ಮೇಲೆ, ಒಂದೂಕಾಲು ಟನ್ ಹೆಚ್ಚು ಕೂತಿರಬಹುದು. ಸರಕು ಹೆಚ್ಚಾದದ್ದಲ್ಲ, ಅದು ಕೂತ ಜಾಗ ತಪ್ಪಿದ್ದು. ಈ ತಪ್ಪನ್ನು ಲೋಡು ಹಾಕುವ ಮೊದಲು ಸರಿಮಾಡಲು ಒಂದು ಟೇಪು, ಒಂದು ಸೀಮೆಸುಣ್ಣ ಸಾಕು. ಲೋಡು ಹಾಕಿ, ಟಾರ್ಪಾಲು ಕಟ್ಟಿ, ಹಗ್ಗ ಬಿಗಿದ ಮೇಲೆ ಸರಿಮಾಡಲು ಹೊರಟರೆ ಅರ್ಧ ದಿನ ಹೋಗುತ್ತದೆ, ಕೂಲಿ ಬೇರೆ.

ಕಾನೂನು ಏನು ಹೇಳುತ್ತದೆ

ಮೋಟಾರು ವಾಹನ ಕಾಯ್ದೆಯಡಿ ಒಟ್ಟು ತೂಕಕ್ಕೊಂದು, ಆಕ್ಸಲ್ ತೂಕಕ್ಕೊಂದು ಎಂದು ಎರಡು ಮಿತಿಗಳು ಬೇರೆ ಬೇರೆಯಾಗಿ ಇವೆ. ಆರ್‌ಸಿಯಲ್ಲಿರುವ ಒಟ್ಟು ತೂಕ ಮೀರಬಾರದು, ಆರ್‌ಸಿಯಲ್ಲಿರುವ ಯಾವ ಆಕ್ಸಲ್‌ನ ತೂಕವೂ ಮೀರಬಾರದು. ಒಂದನ್ನು ಪಾಲಿಸಿದ್ದೇವೆ ಎಂದು ಇನ್ನೊಂದಕ್ಕೆ ರಿಯಾಯಿತಿ ಇಲ್ಲ.

2019ರ ತಿದ್ದುಪಡಿಯ ನಂತರ 194ನೇ ಸೆಕ್ಷನ್ ಪ್ರಕಾರ ಹೆಚ್ಚುವರಿ ಭಾರಕ್ಕೆ ದಂಡ 20,000 ರೂಪಾಯಿ. ಅದರ ಮೇಲೆ ಹೆಚ್ಚಾದ ಪ್ರತಿ ಟನ್‌ಗೆ 2,000 ರೂಪಾಯಿ. ಎರಡು ಟನ್ ಹೆಚ್ಚಿದ್ದರೆ 24,000. ಹೆಚ್ಚುವರಿ ಸರಕು ಇಳಿಸುವ ಖರ್ಚು ನಮ್ಮದೇ, ಇಳಿಸುವವರೆಗೆ ಗಾಡಿ ಕದಲುವಂತಿಲ್ಲ. ನಿಲ್ಲಿಸಲು ಅಥವಾ ತೂಗಿಸಲು ಒಪ್ಪದಿದ್ದರೆ 40,000. ಸರಕು ಬಾಡಿಯಿಂದ ಪಕ್ಕಕ್ಕೋ ಮೇಲಕ್ಕೋ ಮಿತಿ ಮೀರಿ ಚಾಚಿದ್ದರೆ ಅದಕ್ಕೆ ಪ್ರತ್ಯೇಕವಾಗಿ 20,000. ಗಾಡಿ ಓಡಿಸಿದವನಷ್ಟೇ ಅಲ್ಲ, ಓಡಿಸಲು ಹಚ್ಚಿದವರು, ಬಿಟ್ಟವರು ಕೂಡ ಈ ಸೆಕ್ಷನ್‌ಗೆ ಬರುತ್ತಾರೆ. ಆದ್ದರಿಂದ "ಡ್ರೈವರ್ ನೋಡಿಕೊಳ್ತಾನೆ" ಎಂದು ಕಚೇರಿಯಲ್ಲಿ ಕೂತವರು ಕೈತೊಳೆದುಕೊಳ್ಳುವ ಹಾಗಿಲ್ಲ.

ಕೇಂದ್ರ ಸಾರಿಗೆ ಸಚಿವಾಲಯ 2018ರ ಜುಲೈಯಲ್ಲಿ ಏರಿಸಿದ ಆಕ್ಸಲ್ ಮಿತಿಗಳಲ್ಲಿ ನಮಗೆ ದಿನಾ ಬೇಕಾಗುವವು ಇವು:

ಎರಡು ಟಯರಿನ ಮುಂದಿನ ಆಕ್ಸಲ್ – 7 ಟನ್
ನಾಲ್ಕು ಟಯರಿನ ಒಂಟಿ ಆಕ್ಸಲ್ – 11.5 ಟನ್
ಎಂಟು ಟಯರಿನ ಜೋಡಿ ಆಕ್ಸಲ್ – 21 ಟನ್
ಹನ್ನೆರಡು ಟಯರಿನ ಮೂರು ಆಕ್ಸಲ್ ಗುಂಪು – 27 ಟನ್

ಟ್ರೇಲರ್ ಎಳೆಯುವ ಮುಂದಿನ ಗಾಡಿಗೆ ಹಾರ್ಸ್ ಎನ್ನುತ್ತಾರೆ. ಒಂದೇ ಹೌಸಿಂಗ್ ಇರುವ ಹಾರ್ಸ್‌ಗೆ ಮೂರು ಆಕ್ಸಲ್ ಟ್ರೇಲರ್ ಕಟ್ಟಿದರೆ 7, 11.5, 27 ಸೇರಿ 45.5 ಟನ್. ಜೋಡಿ ಹೌಸಿಂಗ್ ಇದ್ದರೆ 55. ಇವು ದೇಶದ ಗರಿಷ್ಠ ಮಿತಿಗಳು ಎನ್ನುವುದು ನೆನಪಿರಲಿ. ನಿಮ್ಮ ಗಾಡಿಗೆ ಲಾಗೂ ಆಗುವುದು ನಿಮ್ಮ ಆರ್‌ಸಿಯಲ್ಲಿ ಬರೆದ ಅಂಕಿ. 2018ಕ್ಕಿಂತ ಹಿಂದೆ ನೋಂದಣಿಯಾದ ಗಾಡಿಗಳ ಆರ್‌ಸಿಯಲ್ಲಿ ಹಳೆಯ, ಕಡಿಮೆ ಅಂಕಿ ಇರಬಹುದು. ಪಕ್ಕದ ಗಾಡಿಯವರು ಹಾಕುವಷ್ಟೇ ನಾವೂ ಹಾಕೋಣ ಎಂದು ಹೊರಟು ಸಿಕ್ಕಿಬೀಳುವುದು ಇಲ್ಲೇ. ಹಾರ್ಸ್‌ಗೆ ಒಂದು ಆರ್‌ಸಿ, ಟ್ರೇಲರ್‌ಗೆ ಇನ್ನೊಂದು. ಎರಡನ್ನೂ ತೆಗೆದು ಓದಿ, ಕಡಿಮೆ ಇರುವ ಅಂಕಿಯನ್ನು ಹಿಡಿಯಿರಿ.

ಮೊದಲ ಕೆಲಸ: ಖಾಲಿ ಗಾಡಿಯ ಮೂರು ತೂಕ

ಹೆಚ್ಚಿನ ಕಡೆ ಖಾಲಿ ಗಾಡಿಯದ್ದು ಒಂದೇ ಅಂಕಿ ಇರುತ್ತದೆ, ಒಟ್ಟು ತೂಕ. ಆಕ್ಸಲ್ ಲೆಕ್ಕಕ್ಕೆ ಅದು ಸಾಲದು. ಒಮ್ಮೆ ಪುರುಸೊತ್ತು ಮಾಡಿಕೊಂಡು ಖಾಲಿ ಗಾಡಿಯನ್ನು ತುಂಡು ತುಂಡಾಗಿ ತೂಗಿಸಿ. ಡೀಸೆಲ್ ಟ್ಯಾಂಕು ತುಂಬಿರಲಿ, ಡ್ರೈವರ್ ಮತ್ತು ಕ್ಲೀನರ್ ಕ್ಯಾಬಿನ್ನಿನಲ್ಲೇ ಇರಲಿ, ಸ್ಟೆಪ್ನಿ, ಜ್ಯಾಕ್, ಚೈನು, ಟಾರ್ಪಾಲು, ಸ್ಲೀಪರ್ ಮರ ಎಲ್ಲವೂ ಮೇಲಿರಲಿ. 400 ಲೀಟರ್ ಡೀಸೆಲ್ ಒಂದೇ ಸುಮಾರು 335 ಕಿಲೋ. ಇದೆಲ್ಲ ಬಿಟ್ಟು ತೂಗಿದ ಖಾಲಿ ತೂಕದಿಂದ ಯಾರಿಗೂ ಉಪಯೋಗವಿಲ್ಲ.

ಮುಂದಿನ ಆಕ್ಸಲ್ ಮಾತ್ರ ವೇಬ್ರಿಡ್ಜ್ ಮೇಲೆ ಬರುವಂತೆ ನಿಲ್ಲಿಸಿ ಮೊದಲ ಅಂಕಿ ಬರೆದುಕೊಳ್ಳಿ. ನಂತರ ಹೌಸಿಂಗ್ ಕೂಡ ಮೇಲೆ ಬರುವಷ್ಟು ಮುಂದೆ ತಂದು ಎರಡನೆಯದು. ಕೊನೆಗೆ ಇಡೀ ಗಾಡಿ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಹೌಸಿಂಗ್ ತೂಕ, ಮೂರನೆಯದರಿಂದ ಎರಡನೆಯದನ್ನು ಕಳೆದರೆ ಟ್ರೇಲರ್ ಆಕ್ಸಲ್‌ಗಳ ತೂಕ. ಇಲ್ಲಿಗೇ ಬಿಡಬೇಡಿ. ಗಾಡಿ ಇನ್ನೂ ಮುಂದೆ ಹೋಗಿ ಟ್ರೇಲರ್ ಆಕ್ಸಲ್‌ಗಳು ಮಾತ್ರ ಮೇಲಿರುವಾಗ ಇನ್ನೊಂದು ಅಂಕಿ ತೆಗೆಯಿರಿ. ಕಳೆದು ಬಂದ ಉತ್ತರಕ್ಕೂ ಇದಕ್ಕೂ ನೂರು ಕಿಲೋಗಿಂತ ಹೆಚ್ಚು ವ್ಯತ್ಯಾಸ ಬಂದರೆ ವೇಬ್ರಿಡ್ಜ್‌ನ ಮುಂದಿನ ಅಥವಾ ಹಿಂದಿನ ನೆಲ ಮಟ್ಟವಾಗಿಲ್ಲ ಎಂದರ್ಥ. ಆಕ್ಸಲ್ ತೂಗಲು ಅಂಥ ಜಾಗ ಆಗಿಬರುವುದಿಲ್ಲ, ಬೇರೆ ಕಡೆ ಹೋಗಿ. ಇಡೀ ಗಾಡಿ ಮೇಲೆ ನಿಂತಾಗ ಅದೇ ವೇಬ್ರಿಡ್ಜ್ ಸರಿಯಾದ ಒಟ್ಟು ತೂಕ ತೋರಿಸೀತು, ಅರ್ಧ ಗಾಡಿ ಹೊರಗಿದ್ದಾಗ ಮಾತ್ರ ಸುಳ್ಳು ಹೇಳುತ್ತದೆ.

ಪ್ರತಿ ಸಲ ನಿಲ್ಲಿಸಿದ ಮೇಲೆ ಗೇರು ನ್ಯೂಟ್ರಲ್‌ಗೆ ಹಾಕಿ, ಚಕ್ರಕ್ಕೆ ಮರದ ಬೆಣೆ ಕೊಟ್ಟು, ಬ್ರೇಕು ಪೂರ್ತಿ ಬಿಡಬೇಕು. ಬ್ರೇಕು ಹಿಡಿದೇ ತೂಗಿದರೆ ಪಟ್ಟೆ ಸ್ಪ್ರಿಂಗುಗಳು ಬಿಗಿದ ಸ್ಥಿತಿಯಲ್ಲೇ ನಿಂತು ಒಂದು ಆಕ್ಸಲ್‌ನ ಭಾರವನ್ನು ಇನ್ನೊಂದಕ್ಕೆ ದಾಟಿಸುತ್ತವೆ. ಗಕ್ಕನೆ ಬ್ರೇಕು ಒತ್ತಿ ನಿಲ್ಲಿಸುವುದೂ ಬೇಡ, ನಿಧಾನ ಉರುಳಿ ಬಂದು ನಿಲ್ಲಲಿ. ವೇಬ್ರಿಡ್ಜ್ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆ, ಅದರ ಅವಧಿ ನೋಡಿಕೊಳ್ಳಿ.

ಉದಾಹರಣೆಗೆ ಒಂದು 40 ಅಡಿಯ ಚಪ್ಪಟೆ ಟ್ರೇಲರ್ ತೆಗೆದುಕೊಳ್ಳೋಣ. ಖಾಲಿ ಇರುವಾಗ ಮುಂದೆ 4.4, ಹೌಸಿಂಗ್ 4.1, ಟ್ರೇಲರ್ ಆಕ್ಸಲ್‌ಗಳು 5.5, ಒಟ್ಟು 14 ಟನ್. ಮಿತಿಯಿಂದ ಕಳೆದರೆ ಮುಂದೆ 2.6, ಹೌಸಿಂಗ್‌ಗೆ 7.4, ಹಿಂದಿನ ಗುಂಪಿಗೆ 21.5 ಟನ್ ಜಾಗ ಉಳಿಯಿತು. ಕೂಡಿದರೆ 31.5. ಈ 31.5ನ್ನು ನೋಡಿಯೇ ಎಲ್ಲರೂ ಬಾಡಿಗೆ ಒಪ್ಪಿಕೊಳ್ಳುವುದು. ಅಷ್ಟು ಹಾಕಲು ಈ ಗಾಡಿಗೆ ಸಾಧ್ಯವೇ ಇಲ್ಲ. ಯಾಕೆಂದು ನೋಡಿ.

ಎರಡನೆಯದು: ಮೂರು ಅಳತೆ, ಒಂದು ಲೆಕ್ಕ

ಟ್ರೇಲರ್‌ನ ಮುಂಭಾಗದ ಅಡಿಯಲ್ಲಿರುವ ಕೊಂಡಿಯ ಗೂಟವೇ ಕಿಂಗ್‌ಪಿನ್, ಹಾರ್ಸ್ ಮೇಲೆ ಅದು ಕೂರುವ ತಟ್ಟೆಯೇ ಫಿಫ್ತ್ ವೀಲ್. ಟೇಪಿನಲ್ಲಿ ಅಳೆಯಬೇಕಾದದ್ದು ಮೂರು. ಬಾಡಿಯ ಮುಂದಿನ ತಡೆಹಲಗೆಯಿಂದ ಕಿಂಗ್‌ಪಿನ್‌ವರೆಗೆ, ನಮ್ಮ ಉದಾಹರಣೆಯಲ್ಲಿ 1 ಮೀಟರ್. ಕಿಂಗ್‌ಪಿನ್‌ನಿಂದ ಹಿಂದಿನ ಮೂರು ಆಕ್ಸಲ್‌ಗಳ ನಡುವಿನ ಆಕ್ಸಲ್‌ವರೆಗೆ 8 ಮೀಟರ್. ಹಾರ್ಸ್‌ನಲ್ಲಿ ಫಿಫ್ತ್ ವೀಲ್‌ನ ನಡುವು ಹೌಸಿಂಗ್‌ನ ನಡುವಿಗಿಂತ ಎಷ್ಟು ಮುಂದಿದೆ ಎನ್ನುವುದು, ಇಲ್ಲಿ 54 ಸೆಂಟಿಮೀಟರ್. ಇದನ್ನು ಹಾರ್ಸ್‌ನ ವೀಲ್‌ಬೇಸ್ (ಮುಂದಿನ ಆಕ್ಸಲ್‌ನಿಂದ ಹೌಸಿಂಗ್‌ಗೆ ಇರುವ ದೂರ) ಆದ 3.6 ಮೀಟರಿನಿಂದ ಭಾಗಿಸಿದರೆ ಶೇ 15. ಕಿಂಗ್‌ಪಿನ್ ಮೇಲೆ ಬೀಳುವ ಭಾರದಲ್ಲಿ ಶೇ 15 ಮುಂದಿನ ಆಕ್ಸಲ್‌ಗೆ, ಶೇ 85 ಹೌಸಿಂಗ್‌ಗೆ ಹೋಗುತ್ತದೆ.

ಹೌಸಿಂಗ್‌ನಲ್ಲಿ ಉಳಿದದ್ದು 7.4 ಟನ್. ಅದನ್ನು 0.85ರಿಂದ ಭಾಗಿಸಿದರೆ ಕಿಂಗ್‌ಪಿನ್ ಮೇಲೆ ಹೆಚ್ಚೆಂದರೆ 8.7 ಟನ್ ಹಾಕಬಹುದು ಎಂದಾಯಿತು. ಅಷ್ಟು ಹಾಕಿದಾಗ ಮುಂದಿನ ಆಕ್ಸಲ್‌ಗೆ ಹೋಗುವುದು 1.3 ಟನ್ ಮಾತ್ರ. ಅಲ್ಲಿ ಉಳಿದ ಇನ್ನೊಂದು 1.3 ಟನ್ ಜಾಗವನ್ನು ಯಾವ ರೀತಿಯಲ್ಲೂ ತುಂಬಲಾಗದು, ಅದಕ್ಕೆ ಮೊದಲೇ ಹೌಸಿಂಗ್ ಭರ್ತಿ. 8.7 ಮತ್ತು 21.5 ಸೇರಿ 30.2 ಟನ್. ಈ ಗಾಡಿಯ ನಿಜವಾದ ಗರಿಷ್ಠ ಅದು, ಅದೂ ಸೆಂಟಿಮೀಟರ್ ತಪ್ಪದಂತೆ ಇಟ್ಟರೆ.

ಇನ್ನು ಸರಕು ಎಲ್ಲಿರಬೇಕು? ಸೂತ್ರ ಒಂದೇ: ಸರಕಿನ ತೂಕವನ್ನು ಕಿಂಗ್‌ಪಿನ್‌ನಿಂದ ಸರಕಿನ ನಡುವಿಗೆ ಇರುವ ದೂರದಿಂದ ಗುಣಿಸಿ 8ರಿಂದ ಭಾಗಿಸಿದರೆ ಹಿಂದಿನ ಗುಂಪಿನ ಪಾಲು ಸಿಗುತ್ತದೆ. ಉಳಿದದ್ದು ಕಿಂಗ್‌ಪಿನ್‌ನ ಪಾಲು. ಸರಕಿನ ನಡು ಎಂದರೆ ಉದ್ದದ ನಡುವಲ್ಲ, ತೂಕದ ನಡು.

28 ಟನ್ ಸರಕನ್ನು ಬಾಡಿಯ ಇಡೀ 12.2 ಮೀಟರಿಗೆ ಸಮವಾಗಿ ಹರಡಿದಿರಿ ಎನ್ನಿ. ನೋಡಲು ಅಚ್ಚುಕಟ್ಟು. ನಡು ಬೀಳುವುದು ಕಿಂಗ್‌ಪಿನ್‌ನಿಂದ 5.1 ಮೀಟರಿನಲ್ಲಿ. ಹಿಂದಕ್ಕೆ 17.85 ಟನ್, ಕಿಂಗ್‌ಪಿನ್‌ಗೆ 10.15. ಖಾಲಿ ತೂಕ ಸೇರಿಸಿದಾಗ ಮುಂದೆ 5.9, ಹೌಸಿಂಗ್ 12.7, ಹಿಂದಿನ ಗುಂಪು 23.4. ಒಟ್ಟು 42 ಟನ್, ಹೌಸಿಂಗ್ ಮಾತ್ರ 1.2 ಟನ್ ಜಾಸ್ತಿ. ಆರಂಭದಲ್ಲಿ ಹೇಳಿದ ಗಾಡಿ ಇದೇ. ಬಾಡಿಯ ತುಂಬ ಸಮನಾಗಿ ಹರಡಿದರೆ ಆಕ್ಸಲ್‌ಗಳ ಮೇಲೂ ಸಮನಾಗಿ ಬೀಳುತ್ತದೆ ಎನ್ನುವುದು ಲೋಡಿಂಗ್ ಜಾಗಗಳಲ್ಲಿ ಬಲವಾಗಿ ಬೇರೂರಿದ ನಂಬಿಕೆ. ಬಹಳಷ್ಟು ದಂಡಕ್ಕೆ ಮೂಲ ಅದೇ.

ಇದೇ 28 ಟನ್ನಿನ ನಡುವನ್ನು 5.8 ಮೀಟರಿಗೆ ಸರಿಸಿದರೆ ಮುಂದೆ 5.6, ಹೌಸಿಂಗ್ 10.6, ಹಿಂದೆ 25.8. ಮೂರೂ ಮಿತಿಯೊಳಗೆ, ಮೂರರಲ್ಲೂ ಸ್ವಲ್ಪ ಉಸಿರಾಡುವ ಜಾಗ. ಮಾಡಬೇಕಾದದ್ದು ಇಷ್ಟೇ: ತಡೆಹಲಗೆಯಿಂದ 1.4 ಮೀಟರ್ ಖಾಲಿ ಬಿಟ್ಟು, ಅಲ್ಲಿಂದ ಹಿಂದಿನ ತುದಿಯವರೆಗೆ ಸಮವಾಗಿ ಹಾಕುವುದು.

ತೂಕ ಹೆಚ್ಚಿದಷ್ಟೂ ಸರಕಿನ ನಡು ಕೂರಬಹುದಾದ ಜಾಗ ಕಿರಿದಾಗುತ್ತದೆ. 25 ಟನ್‌ಗೆ ಕಿಂಗ್‌ಪಿನ್‌ನಿಂದ 5.22 ಮತ್ತು 6.88 ಮೀಟರ್ ನಡುವೆ ಎಲ್ಲಿದ್ದರೂ ಸರಿ, ಒಂದೂವರೆ ಮೀಟರಿಗೂ ಹೆಚ್ಚು ಅವಕಾಶ. 28ಕ್ಕೆ 5.52ರಿಂದ 6.14. 30 ಟನ್‌ಗೆ 5.68ರಿಂದ 5.73, ಅಂದರೆ ಐದು ಸೆಂಟಿಮೀಟರ್. ಬೆರಳಗಲದ ಲೆಕ್ಕದಲ್ಲಿ ಮೂಟೆ ಹೊರಿಸಲು ಯಾರಿಂದಲೂ ಆಗದು. ಆದ್ದರಿಂದ ಈ ಗಾಡಿಗೆ 30 ಟನ್ ಬಾಡಿಗೆ ಒಪ್ಪಿಕೊಳ್ಳದಿರುವುದೇ ಬುದ್ಧಿವಂತಿಕೆ. 28, 28.5ಕ್ಕೆ ನಿಲ್ಲಿಸಿ. ಒಂದು ವೇಬ್ರಿಡ್ಜ್‌ನಿಂದ ಇನ್ನೊಂದಕ್ಕೆ ಬರುವ ವ್ಯತ್ಯಾಸಕ್ಕೆಂದು ಪ್ರತಿ ಗುಂಪಿನಲ್ಲೂ 300ರಿಂದ 500 ಕಿಲೋ ಬಿಟ್ಟಿರಬೇಕು.

ಮೇಲಿನ ಅಂಕಿಗಳನ್ನು ನಿಮ್ಮ ಗಾಡಿಗೆ ಹಾಗೇ ಬಳಸಬೇಡಿ. ಕಿಂಗ್‌ಪಿನ್ ಹತ್ತು ಸೆಂಟಿಮೀಟರ್ ಹಿಂದೆ ಮುಂದೆ ಇದ್ದರೂ ಉತ್ತರ ಬದಲಾಗುತ್ತದೆ. ನಮ್ಮಲ್ಲಿನ ಸಾಮಾನ್ಯ ಟ್ರೇಲರ್‌ಗಳಲ್ಲಿ ಆಕ್ಸಲ್ ಗುಂಪನ್ನು ಜಾರಿಸಿ ಜಾಗ ಬದಲಿಸುವ ವ್ಯವಸ್ಥೆ ಇಲ್ಲ. ಸರಿಸಲು ಸಾಧ್ಯವಿರುವುದು ಸರಕನ್ನು ಮಾತ್ರ.

ಮೂರನೆಯದು: ಬಾಡಿಯ ಮೇಲೆ ಗುರುತು

ಲೆಕ್ಕ ಕಾಗದದಲ್ಲೇ ಉಳಿದರೆ ಲೋಡು ಮಾಡುವವರಿಗೆ ಅದರಿಂದ ಏನೂ ಆಗದು. ಬಾಡಿಯ ಎರಡೂ ಅಂಚಿನಲ್ಲಿ ಬಿಳಿ ಪೇಂಟಿನಿಂದ ಗುರುತು ಹಾಕಿ: ಕಿಂಗ್‌ಪಿನ್ ಇರುವ ಜಾಗ, ಹಿಂದಿನ ಗುಂಪಿನ ನಡು, ಪ್ರತಿ ಒಂದು ಮೀಟರಿಗೆ ಒಂದು ಗೆರೆ. ಆಯಾ ಲೋಡಿಗೆ ಎಲ್ಲಿಂದ ಆರಂಭಿಸಬೇಕು ಎನ್ನುವುದನ್ನು ಸೀಮೆಸುಣ್ಣದಲ್ಲಿ ಆ ದಿನ ಎಳೆದರೆ ಸಾಕು. "ಈ ಗೆರೆಯಿಂದ ಮುಂದೆ ಒಂದು ಮೂಟೆಯೂ ಬೇಡ" ಎಂದರೆ ಯಾವ ಊರಿನ ಹಮಾಲಿಗೂ ಅರ್ಥವಾಗುತ್ತದೆ, ಟನ್ನು ಮೀಟರು ವಿವರಿಸುವ ತಾಪತ್ರಯ ಇಲ್ಲ.

ಮುಂದೆ ಬಿಟ್ಟ ಖಾಲಿ ಜಾಗ ಹಾಗೇ ಇದ್ದರೆ ಅದು ಬೇರೆ ಅಪಾಯ. ಬ್ರೇಕು ಒತ್ತಿದಾಗ ಸರಕು ಮುಂದಕ್ಕೆ ಜಾರುತ್ತದೆ. ತಡೆಹಲಗೆಗೂ ಸರಕಿಗೂ ನಡುವೆ ಉದ್ದಕ್ಕೆ ಸ್ಲೀಪರ್ ಮರ ಕೊಟ್ಟು, ಮೊದಲ ಸಾಲಿಗೆ ಅಡ್ಡ ಮರ ಹಾಕಿ, ಬೆಲ್ಟನ್ನೋ ಚೈನನ್ನೋ ಮೇಲಿಂದ ಹಿಂದಕ್ಕೆ ಓರೆಯಾಗಿ ಎಳೆದು ಬಿಗಿಯಿರಿ. ಸರಕು ಅರ್ಧ ಮೀಟರ್ ಮುಂದೆ ಜರುಗಿದರೂ ಹೌಸಿಂಗ್ ಮೇಲೆ ಒಂದೂವರೆ ಟನ್ ಏರುತ್ತದೆ. ಬೈಕಂಪಾಡಿಯಲ್ಲಿ ಸರಿ ಇದ್ದ ಚೀಟಿ ಹಾಸನದಲ್ಲಿ ಸುಳ್ಳಾಗುವುದು ಹೀಗೆ.

ಸರಕಿಗೆ ತಕ್ಕ ಎಚ್ಚರ

ಮೂಟೆ: ಎಣಿಕೆಯಿಂದ ತೂಕ ಹಿಡಿಯುವಾಗ ಮೂಟೆಯ ತೂಕ ಎಷ್ಟೆಂದು ಮೊದಲು ಓದಿ. ಸಿಮೆಂಟು 50 ಕಿಲೋ, ಡಿಎಪಿ 50, ಯೂರಿಯಾ 45. 622 ಯೂರಿಯಾ ಮೂಟೆ ಎಂದರೆ 28 ಟನ್. "ಹೋದ ಸಲ ಹಾಕಿದಷ್ಟೇ ಹಾಕಿ" ಎಂದು ಡಿಎಪಿ ಮೂಟೆಗಳನ್ನು ಅದೇ ಎಣಿಕೆಯಲ್ಲಿ ಹೇರಿದರೆ 31.1 ಟನ್. ತಮಾಷೆ ಎಂದರೆ ಒಟ್ಟು ತೂಕ ಆಗಲೂ 45.1, ಆರ್‌ಸಿ ಮಿತಿಯೊಳಗೇ. ಆದರೆ 30.2 ದಾಟಿದ್ದರಿಂದ ಎಲ್ಲಿ ಇಟ್ಟರೂ ಯಾವುದೋ ಒಂದು ಆಕ್ಸಲ್ ಮೀರಿಯೇ ತೀರುತ್ತದೆ. ಸೆಣಬಿನ ಚೀಲದ ಕಚ್ಚಾ ಗೇರುಬೀಜಕ್ಕೆ ಎಣಿಕೆಯನ್ನು ನಂಬಲೇಬೇಡಿ. ಹತ್ತು ಚೀಲ ತೂಗಿ ಸರಾಸರಿ ಹಿಡಿಯಿರಿ.

ಮೂಟೆಗಳಲ್ಲಿ ಇನ್ನೊಂದು ಅಭ್ಯಾಸ, ಕೊನೆಗೆ ಉಳಿದ ಮೂವತ್ತು ನಲವತ್ತು ಮೂಟೆಗಳನ್ನು ಮುಂದೆ ಕ್ಯಾಬಿನ್ ಹತ್ತಿರ ಒಂದು ಅಟ್ಟ ಏರಿಸುವುದು. ಎರಡು ಟನ್ ಅಲ್ಲಿ ಕೂತರೆ ಪೂರ್ತಿ ಎರಡು ಟನ್ನೂ ಕಿಂಗ್‌ಪಿನ್ ಮೇಲೆಯೇ. ಏರಿಸುವುದಿದ್ದರೆ ಬಾಡಿಯ ನಡುವಿನಿಂದ ಸ್ವಲ್ಪ ಹಿಂದೆ ಏರಿಸಿ.

ಗ್ರಾನೈಟ್ ಬಂಡೆ, ಯಂತ್ರ, ಕಾಯಿಲ್ (ಉಕ್ಕಿನ ಹಾಳೆಯ ಸುರುಳಿ): ಗ್ರಾನೈಟಿಗೆ ಘನ ಮೀಟರಿಗೆ ಸುಮಾರು 2.7 ಟನ್ ಹಿಡಿಯಬಹುದು. 2.8 ಮೀಟರ್ ಉದ್ದ, 1.6 ಅಗಲ, 1.4 ಎತ್ತರದ ಬಂಡೆ ಎಂದರೆ ಸುಮಾರು 17 ಟನ್. ಎರಡು ಇಡುವ ಮಾತೇ ಇಲ್ಲ. ಒಂದೇ ತುಂಡಿನ ಸರಕಿನಲ್ಲಿ ಅನುಕೂಲವೂ ಇದೆ, ಅಪಾಯವೂ ಇದೆ. ಗೆರೆಯ ಮೇಲೆ ನಡು ಕೂರಿಸಿದರೆ ಲೆಕ್ಕ ಮುಗಿಯಿತು. ಆದರೆ ಕ್ರೇನಿನವನು ತನಗೆ ಕೈಗೆಟುಕುವ ಕಡೆ ಇಳಿಸಿ ಹುಕ್ಕು ಬಿಚ್ಚಿದ ಮೇಲೆ ಅದನ್ನು ಅಲುಗಿಸಲು ಇನ್ನೊಮ್ಮೆ ಕ್ರೇನೇ ಬೇಕು. ಹುಕ್ಕು ಬಿಚ್ಚುವ ಮುಂಚೆ ಟೇಪು ಹಿಡಿಯಿರಿ. ಕೆಳಗೆ ಅಡ್ಡ ಸ್ಲೀಪರ್ ಹಾಕಿ ಭಾರವನ್ನು ಎರಡೂ ಚಾಸಿಗೆ ಹಂಚಬೇಕು. ಯಂತ್ರಗಳಲ್ಲಿ ಎಂಜಿನ್ ಇರುವ ತುದಿಯೇ ಭಾರ, ತೂಕದ ನಡು ಆ ಕಡೆಗೆ ವಾಲಿರುತ್ತದೆ. ಎರಡು ಸ್ಲಿಂಗ್‌ನಲ್ಲಿ ಎತ್ತಿದಾಗ ಸಮತೋಲದಲ್ಲಿ ನಿಂತಿತೆಂದರೆ ಹುಕ್ಕಿನ ನೇರ ಕೆಳಗೆ ತೂಕದ ನಡು ಇದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ.

ಮರದ ದಿಮ್ಮಿ: ಬಂದರಿನಿಂದ ಬರುವ ದಿಮ್ಮಿಗಳ ಬುಡ ದಪ್ಪ, ತುದಿ ಸಪೂರ. ಎಲ್ಲ ಬುಡಗಳನ್ನೂ ಕ್ಯಾಬಿನ್ ಕಡೆ ಮಾಡಿ ಹೇರಿದರೆ ಹೌಸಿಂಗ್ ಮೀರುತ್ತದೆ. ಒಂದರ ಬುಡ ಮುಂದೆ, ಮುಂದಿನದರ ಬುಡ ಹಿಂದೆ, ಹೀಗೆ ತಿರುಗಿಸಿ ಹಾಕಿಸಿ.

ಕಂಟೇನರ್: ರಫ್ತಿನ ಕಂಟೇನರ್‌ಗೆ 2016ರ ಜುಲೈ 1ರಿಂದ ದೃಢೀಕೃತ ಒಟ್ಟು ತೂಕದ ಘೋಷಣೆ ಕಡ್ಡಾಯ, ವಿಜಿಎಂ ಎಂದು ಎಲ್ಲರೂ ಕರೆಯುವುದು ಅದನ್ನೇ. ಅದರಲ್ಲಿ ಇರುವುದು ಒಟ್ಟು ತೂಕ ಮಾತ್ರ, ಒಳಗೆ ತೂಕ ಎಲ್ಲಿದೆ ಎನ್ನುವುದು ಇರುವುದಿಲ್ಲ. ಕಂಟೇನರ್ ತುಂಬುವವರು ಒಳಗಿನ ಗೋಡೆಯಿಂದ ಬಾಗಿಲ ಕಡೆಗೆ ತುಂಬುತ್ತ ಬರುತ್ತಾರೆ. ಸರಕು ಮುಕ್ಕಾಲಿಗೆ ಮುಗಿದರೆ ಬಾಗಿಲ ಕಡೆ ಖಾಲಿ, ಮುಂದೆಲ್ಲ ಭಾರ. ಸೀಲು ಬಿದ್ದ ಮೇಲೆ ನಾವು ಏನೂ ಮಾಡುವ ಹಾಗಿಲ್ಲ. ಹಾಗಾಗಿ ತುಂಬುವಾಗಲೇ ಹೇಳಿಡಿ: ಉದ್ದದ ಯಾವ ಅರ್ಧದಲ್ಲೂ ಶೇ 60ಕ್ಕಿಂತ ಹೆಚ್ಚು ತೂಕ ಇರಬಾರದು, ಸರಕು ಕಡಿಮೆ ಇದ್ದರೆ ಎತ್ತರ ತಗ್ಗಿಸಿ ಉದ್ದಕ್ಕೆ ಹರಡಬೇಕು. 20 ಅಡಿಯ ಭಾರಿ ಕಂಟೇನರ್ ಒಂದನ್ನೇ 40 ಅಡಿ ಟ್ರೇಲರ್‌ನ ಮುಂದಿನ ತುದಿಯ ಲಾಕುಗಳಲ್ಲಿ ಕೂರಿಸಬೇಡಿ. 20 ಟನ್ನಿನ ಕಂಟೇನರ್ ಅಲ್ಲಿ ಕೂತರೆ ಕಿಂಗ್‌ಪಿನ್ ಮೇಲೆ ಸುಮಾರು 15 ಟನ್. ನಡುವಿನ ಲಾಕುಗಳಲ್ಲಿ ಕೂರಿಸಿದರೆ ಅದೇ ಕಂಟೇನರ್‌ನಿಂದ ಏಳೂಕಾಲು ಟನ್.

ಟ್ರೇಲರ್ ಅಲ್ಲದ ಹತ್ತು, ಹನ್ನೆರಡು ಚಕ್ರದ ಲಾರಿಗಳಲ್ಲಿ ಕೆಂಪುಕಲ್ಲು, ಎಂ‌ಸ್ಯಾಂಡ್, ಜಲ್ಲಿ ಹೇರುವವರಿಗೂ ನಿಯಮ ಇದೇ. ಅಲ್ಲಿ ಕಿಂಗ್‌ಪಿನ್ ಬದಲು ಮುಂದಿನ ಆಕ್ಸಲ್‌ನಿಂದ ಅಳೆಯಬೇಕು, ಅಷ್ಟೇ ವ್ಯತ್ಯಾಸ. ಟಿಪ್ಪರ್‌ಗಳಲ್ಲಿ ಹಿಟಾಚಿಯವರು ಕೊನೆಯ ಎರಡು ಬಕೆಟ್ಟನ್ನು ಹಿಂಬಾಗಿಲ ಹತ್ತಿರ ಸುರಿಯುವುದು ಮಾಮೂಲಿ, ಹಿಂದಿನ ಜೋಡಿ ಮೀರುವುದು ಅದರಿಂದಲೇ.

ಮಳೆಗಾಲದ ತೂಕ

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಸಿಗೆಯ ಅಂಕಿಗಳನ್ನು ನಂಬಿ ಕೂರಬೇಡಿ. ಕೆಂಪುಕಲ್ಲು ನೀರು ಕುಡಿಯುತ್ತದೆ, ಮರಳು ನೀರು ಹಿಡಿಯುತ್ತದೆ, ದಿಮ್ಮಿಗಳ ತೊಗಟೆ ತೊಯ್ದಿರುತ್ತದೆ. ಬಾಡಿಯ ಮರದ ಹಲಗೆ, ಟಾರ್ಪಾಲು, ಹಗ್ಗ ಕೂಡ ತೂಕ ಏರಿಸಿಕೊಂಡಿರುತ್ತವೆ. ಟಾರ್ಪಾಲಿನ ಮಡಿಕೆಯಲ್ಲಿ ನಿಂತ ನೀರಿಗೆ ಪ್ರತಿ ಲೀಟರಿಗೂ ಒಂದು ಕಿಲೋ. ಒಂದು ಚದರ ಮೀಟರ್ ಜಾಗದಲ್ಲಿ ಹತ್ತು ಸೆಂಟಿಮೀಟರ್ ನಿಂತರೆ ನೂರು ಕಿಲೋ ಆಯಿತು. ಮಳೆಗಾಲಕ್ಕೆಂದು ಖಾಲಿ ಗಾಡಿಯ ಮೂರು ತೂಕವನ್ನು ಇನ್ನೊಮ್ಮೆ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಚಾಸಿ, ಮಡ್‌ಗಾರ್ಡ್‌ಗಳಿಗೆ ಮೆತ್ತಿದ ಕೆಂಪು ಕೆಸರನ್ನು ತೊಳೆಯದೆ ತೂಗಿದರೆ ಅದೂ ಖಾಲಿ ತೂಕವೆಂದೇ ದಾಖಲಾಗುತ್ತದೆ.

ಹಾಗೆಂದು ಹೌಸಿಂಗ್ ಹಗುರಾಗಲಿ ಎಂದು ಎಲ್ಲವನ್ನೂ ಹಿಂದಕ್ಕೆ ತಳ್ಳಬಾರದು. ಶಿರಾಡಿ ಘಾಟಿ ಹತ್ತುವಾಗ ಗಾಡಿಯನ್ನು ಎಳೆಯುವುದು ಹೌಸಿಂಗ್ ಚಕ್ರಗಳು. ಅವುಗಳ ಮೇಲೆ ಭಾರ ಕಡಿಮೆಯಾದರೆ ಒದ್ದೆ ರಸ್ತೆಯಲ್ಲಿ ಚಕ್ರ ಸುಮ್ಮನೆ ತಿರುಗುತ್ತದೆ, ಗಾಡಿ ಏರುವುದಿಲ್ಲ. ತಿರುವಿನಲ್ಲಿ ಬ್ರೇಕು ಒತ್ತಿದರೆ ಹಾರ್ಸ್ ಮಡಚಿಕೊಳ್ಳುವ ಭಯವೂ ಇದೆ.

ಗುಂಪಿನೊಳಗೆ ಒಂದೇ ಆಕ್ಸಲ್ ಭಾರ ಹೊತ್ತರೆ

ಹಿಂದಿನ ಗುಂಪು 27 ಟನ್ನೊಳಗೆ ಇದ್ದರೂ ಮೂರರಲ್ಲಿ ಒಂದೇ ಆಕ್ಸಲ್‌ನ ಟಯರು ಮತ್ತೆ ಮತ್ತೆ ಸವೆಯುತ್ತಿದ್ದರೆ ಟ್ರೇಲರ್ ಮಟ್ಟವಾಗಿ ನಿಂತಿಲ್ಲ ಎಂದು ತಿಳಿಯಿರಿ. ಫಿಫ್ತ್ ವೀಲ್ ಎತ್ತರ ಹೆಚ್ಚಿದ್ದು ಮೂಗು ಮೇಲಾದರೆ ಕೊನೆಯ ಆಕ್ಸಲ್‌ಗೆ, ಮೂಗು ಕೆಳಗಾದರೆ ಮೊದಲನೆಯದಕ್ಕೆ ಭಾರ. ಬೇರೆ ಹಾರ್ಸ್ ಕಟ್ಟಿದಾಗಲೆಲ್ಲ ಮಟ್ಟವಾದ ನೆಲದಲ್ಲಿ ನಿಲ್ಲಿಸಿ ಚಾಸಿಯ ಮುಂದಿನ ಮತ್ತು ಹಿಂದಿನ ಎತ್ತರ ಅಳೆದು ನೋಡಿ. ಸ್ಪ್ರಿಂಗುಗಳ ನಡುವೆ ಭಾರ ಹಂಚುವ ಈಕ್ವಲೈಸರ್‌ನ ಬುಷ್ ತುಕ್ಕು ಹಿಡಿದು ಸಿಕ್ಕಿಕೊಂಡಿದ್ದರೂ ಇದೇ ಆಗುತ್ತದೆ. ಉಪ್ಪುಗಾಳಿಯಲ್ಲಿ ನಿಲ್ಲುವ ಗಾಡಿಗಳಿಗೆ ಗ್ರೀಸು ತಪ್ಪಿಸಬೇಡಿ.

ಲಿಫ್ಟ್ ಆಕ್ಸಲ್ (ಗಾಡಿ ಖಾಲಿ ಇರುವಾಗ ಮೇಲೆತ್ತಬಹುದಾದ ಆಕ್ಸಲ್) ಇದ್ದರೆ ಲೋಡು ಆರಂಭಿಸುವ ಮೊದಲೇ ಇಳಿಸಿ, ಗಾಳಿಯ ಒತ್ತಡ ಸರಿಯಾಗಿ ಕೊಡಿ. ಟಯರು ಉಳಿಸಲೆಂದು ಲೋಡಿನಲ್ಲೇ ಎತ್ತಿ ಓಡಿಸಿದರೆ ಅದರ ಪಾಲಿನ ಭಾರವೆಲ್ಲ ಪಕ್ಕದ ಆಕ್ಸಲ್‌ಗಳಿಗೆ. ಆಗ ನಿಲ್ಲಿಸಿ ತೂಗಿದರೆ ವಾದಕ್ಕೆ ಜಾಗವಿರುವುದಿಲ್ಲ.

ಲೋಡಾದ ಮೇಲೆ ತೂಗುವುದು, ತಿದ್ದುವುದು

ಟಾರ್ಪಾಲು ಕಟ್ಟುವ ಮೊದಲು ತೂಗಿಸಿ. ಖಾಲಿ ಗಾಡಿಗೆ ಮಾಡಿದ ಹಾಗೇ ತುಂಡು ತುಂಡಾಗಿ, ಸಾಧ್ಯವಿದ್ದರೆ ಅದೇ ವೇಬ್ರಿಡ್ಜ್‌ನಲ್ಲಿ. ಯಾವುದಾದರೂ ಗುಂಪು ಮೀರಿದ್ದರೆ ಎಷ್ಟು ಸರಕನ್ನು ಎಷ್ಟು ದೂರ ಸರಿಸಬೇಕು ಎನ್ನುವುದಕ್ಕೆ ಅಂದಾಜು ಬೇಡ, ಲೆಕ್ಕ ಇದೆ. ಸರಿಸುವ ಟನ್ನನ್ನು ಸರಿಸುವ ಮೀಟರಿನಿಂದ ಗುಣಿಸಿ 8ರಿಂದ ಭಾಗಿಸಿ. ಕಿಂಗ್‌ಪಿನ್‌ನಿಂದ ಹಿಂದಿನ ಗುಂಪಿಗೆ ಹೋಗುವುದು ಅಷ್ಟು. ಒಂದು ಟನ್ನನ್ನು ನಾಲ್ಕು ಮೀಟರ್ ಹಿಂದಕ್ಕೆ ಹಾಕಿದರೆ ಅರ್ಧ ಟನ್.

ನಮ್ಮ ಸಮವಾಗಿ ಹರಡಿದ 28 ಟನ್ ಗಾಡಿಯಲ್ಲಿ ಕಿಂಗ್‌ಪಿನ್ ಭಾರ 10.15ರಿಂದ 8.7ಕ್ಕೆ ಇಳಿಯಬೇಕು. ಅಂದರೆ 1.45 ಟನ್. ಮುಂದಿನಿಂದ ಎರಡು ಟನ್ ತೆಗೆದು ಆರು ಮೀಟರ್ ಹಿಂದೆ ಹಾಕಿದರೆ ಒಂದೂವರೆ ಟನ್ ಸರಿಯುತ್ತದೆ, ಹೌಸಿಂಗ್ 11.45ಕ್ಕೆ ಬರುತ್ತದೆ. ಮಿತಿಯೊಳಗೇ, ಆದರೆ ಅಂಚಿನಲ್ಲಿ. ಮೂರು ಟನ್ ಸರಿಸಿದರೆ ನೆಮ್ಮದಿ. 50 ಕಿಲೋದ 60 ಮೂಟೆ, ನಾಲ್ಕು ಜನರಿಗೆ ದೊಡ್ಡ ಕೆಲಸವೇನಲ್ಲ.

ಆಮೇಲೆ ಮತ್ತೆ ತೂಗಿಸಿ. ಚೀಟಿಯ ಹಿಂಬದಿಯಲ್ಲಿ ಮೂರು ಗುಂಪುಗಳ ತೂಕ ಬರೆದು, ಎಲ್‌ಆರ್ (ಲಾರಿ ರಸೀದಿ), ಇ-ವೇ ಬಿಲ್ ಜೊತೆ ಇಡಿ. ದಾರಿಯಲ್ಲಿ ಬೇರೆ ಅಂಕಿ ತೋರಿಸಿದರೆ ಹೋಲಿಸಲು ಕೈಯಲ್ಲೊಂದು ಆಧಾರ ಇರುತ್ತದೆ.

ಟೋಲ್‌ಗೇಟ್‌ಗಳಲ್ಲಿ ಚಲಿಸುತ್ತಿರುವಾಗಲೇ ತೂಗುವ ಪಟ್ಟಿ ಇರುವ ಲೇನಿನಲ್ಲಿ ನಡಿಗೆಯ ವೇಗದಲ್ಲಿ, ಗೇರು ಬದಲಿಸದೆ, ಬ್ರೇಕು ಒತ್ತದೆ ಹೋಗಿ. ಪಟ್ಟಿಯ ಮೇಲೆ ಬ್ರೇಕು ಒತ್ತಿದರೆ ಭಾರ ಮುಂದಕ್ಕೆ ನುಗ್ಗಿ ಮುಂದಿನ ಆಕ್ಸಲ್ ಹೆಚ್ಚು ತೋರಿಸುತ್ತದೆ. ಅಂಕಿ ಅನುಮಾನವೆನಿಸಿದರೆ ಜಗಳಕ್ಕೆ ನಿಲ್ಲುವ ಬದಲು ನಿಂತಲ್ಲೇ ತೂಗುವ ವೇಬ್ರಿಡ್ಜ್‌ನಲ್ಲಿ ಇನ್ನೊಮ್ಮೆ ತೂಗಲು ಕೇಳಿ, ನಿಮ್ಮ ಚೀಟಿ ತೋರಿಸಿ.

ಎರಡು ಕಡೆ ಇಳಿಸುವ ಲೋಡು

ಹಾಸನದಲ್ಲಿ ಸ್ವಲ್ಪ, ಬೆಂಗಳೂರಿನಲ್ಲಿ ಉಳಿದದ್ದು ಎಂಬಂಥ ಲೋಡಿನಲ್ಲಿ, ಇಳಿಸಿದ ಮೇಲೆ ಗಾಡಿ ಹಗುರಾಯಿತಲ್ಲ, ಇನ್ನೇನು ಭಯ ಎಂದು ಅನಿಸುತ್ತದೆ. 5.8 ಮೀಟರಿನಲ್ಲಿ ನಡು ಕೂರಿಸಿದ ಅದೇ 28 ಟನ್ ಗಾಡಿಯಿಂದ ಹಿಂದಿನ ಮೂರು ಮೀಟರಿನ ಸರಕನ್ನು, ಸುಮಾರು 7.8 ಟನ್, ಹಾಸನದಲ್ಲಿ ಇಳಿಸಿದಿರಿ ಎನ್ನಿ. ಆ ಸರಕು ಹಿಂದಿನ ಗುಂಪಿನ ನಡುವಿಗಿಂತ ಆಚೆ ಕೂತು ಕಿಂಗ್‌ಪಿನ್ ಕಡೆಯನ್ನು ಮೇಲೆತ್ತಿ ಹಿಡಿದಿತ್ತು. ಅದು ಹೋದ ಕೂಡಲೇ ಕಿಂಗ್‌ಪಿನ್ ಮೇಲೆ 1.65 ಟನ್ ಏರುತ್ತದೆ. ಹೌಸಿಂಗ್ 10.6ರಿಂದ 12 ಟನ್ನಿಗೆ ಬರುತ್ತದೆ. ಒಟ್ಟು ತೂಕ 34 ಟನ್, ಹಿಂದಿನ ಗುಂಪು 16 ಟನ್, ಹೌಸಿಂಗ್ ಅರ್ಧ ಟನ್ ಹೆಚ್ಚು. ಪೂರ್ತಿ ಲೋಡಿನಲ್ಲಿ ಸರಿ ಇದ್ದ ಗಾಡಿ ಎಂಟು ಟನ್ ಇಳಿಸಿದ ಮೇಲೆ ದಂಡಕ್ಕೆ ಸಿಗುತ್ತದೆ.

ಇದಕ್ಕೆ ಎರಡು ದಾರಿ. ಮೊದಲು ಇಳಿಸುವ ಸರಕನ್ನು ಹಿಂದಿನ ತುದಿಯಲ್ಲಿ ಇಡದೆ, ಪಕ್ಕದ ಹಲಗೆ ತೆಗೆದು ಇಳಿಸುವ ಹಾಗೆ ಬಾಡಿಯ ಮುಂದಿನ ಅರ್ಧದಲ್ಲಿ ಇಡುವುದು. ಅದು ಆಗದಿದ್ದರೆ ಹಾಸನದಲ್ಲಿ ಇಳಿಸಿದ ಮೇಲೆ ಮುಂದಿನ ಸಾಲಿನ ಎರಡು ಟನ್ ಸರಕನ್ನು ಖಾಲಿಯಾದ ಹಿಂದಿನ ಜಾಗಕ್ಕೆ ದಾಟಿಸುವುದು. ಏಳು ಮೀಟರ್ ಹಿಂದಕ್ಕೆ ಹೋದರೆ ಕಿಂಗ್‌ಪಿನ್‌ನಿಂದ 1.75 ಟನ್ ಇಳಿಯುತ್ತದೆ, ಹೌಸಿಂಗ್ ಮೊದಲಿದ್ದ ಹತ್ತೂವರೆಯ ಆಸುಪಾಸಿಗೆ ವಾಪಸು. ಆ ಕೂಲಿ ಯಾರು ಕೊಡಬೇಕು ಎನ್ನುವುದನ್ನು ಬಾಡಿಗೆ ಮಾತಾಡುವಾಗಲೇ ಬಗೆಹರಿಸಿಕೊಳ್ಳಿ. ಇಳಿಸುವ ಜಾಗದಲ್ಲಿ ಅದರ ಚರ್ಚೆ ಶುರುವಾದರೆ ಸರಕು ಇದ್ದಲ್ಲೇ ಉಳಿಯುತ್ತದೆ.